ಬೆರಳು ಬೇಡ ಅಂದಿತ್ತು

ಮಾಗಿ ಕಾಲ. ಮೂವತ್ತೇಳನೇ ಇಸವಿ. ಬಿಸಿಲು ಆಳೆತ್ತರ ಏರಿದ ಹೊತ್ತು.

ಕಬ್ಬು ಕಡಿಯುತ್ತಿದ್ದ ಆಳು ಮರಿಯಯ್ಯನ ತೊಡೆ ಸೀಳಿ ಕಾಡುಹಂದಿ ನನ್ನ ಪಕ್ಕದಲ್ಲೇ ನುಗ್ಗಿತು. ಕೋವಿ ಎತ್ತುವಷ್ಟರಲ್ಲಿ ಕಬ್ಬಿನೊಳಗೆ ಮಾಯ.

ಹಿಂದೆಯೇ ಓಡಿದೆ. ಒಣ ತರಗಿನ ಮೇಲೆ ರಕ್ತ... ಅದರದೋ, ಮರಿಯಯ್ಯನದೋ, ತಿಳಿಯಲಿಲ್ಲ.

ಹೊಳಲಿನ ಆ ಗದ್ದೆ ನನ್ನ ತಂಗಿ ಯಶೋದಮ್ಮನ ಗಂಡ ಚಲುವರಾಜುವಿನದು. ಕಡಿದು ಕಡಿದು ಮನೆಯಂಗಳದಷ್ಟು ಕಬ್ಬು ಉಳಿದಿತ್ತು. ಹಂದಿ ಅದರೊಳಗೆ. ಆಳುಗಳು ಮಚ್ಚು ಕೆಳಗಿಟ್ಟರು. ಹಂದಿ ಹೊಡೆಯಲೆಂದೇ ಚಲುವರಾಜು ಪೂರಿಗಾಲಿಯಿಂದ ನನ್ನನ್ನು ಕರೆಸಿದ್ದ.

"ಬಾವ, ಒಂದೇ ಏಟ್ಗೆ ಮುಗ್ಸು. ತಪ್ತು ಅಂದ್ರೆ ಇನ್ನೊಬ್ನ ಸೀಳ್ತದೆ."

"ನೀನು ಆಚೆ ಓಗಿ ತಗಡು ಬಡಿಯೋರ ಜೊತೆ ನಿಂತ್ಕೊ."

"ನನ್ ಗದ್ದೇಲಿ ನನ್ನೇ ಆಚೆ ಓಡಿಸ್ತೀಯಲ್ಲ," ಎಂದು ನಕ್ಕು ಹೋದ.

ತಗಡಿನ ಸದ್ದು ಶುರುವಾಯಿತು. ಹಂದಿ ಹೊರಬಿತ್ತೆಂದರೆ ಸದ್ದು ನಿಲ್ಲಿಸಬೇಕು. ಅದು ಕಟ್ಟಳೆ.

ನಾನು ಮೊದಲೆಲ್ಲ ಗುರಿ ಇಟ್ಟವನೇ ಅಲ್ಲ, ನೋಡಪ್ಪ. ಕಣ್ಣು ಹೋದಲ್ಲಿ ಕೈ ಹೋಗುತ್ತಿತ್ತು. ಹಿಂದಿನ ವರ್ಷ ಮದ್ದೂರಿನ ಪಂದ್ಯದಲ್ಲಿ, ದಾರಕ್ಕೆ ಕಟ್ಟಿದ ನಿಂಬೆಹಣ್ಣು ಮೂರು ಸಲ ತಪ್ಪಿತು. ಜನ ನಕ್ಕರು. ಪಂದ್ಯ ನಡೆಸುತ್ತಿದ್ದ ಅನಂತರಾಮು ಮೇಷ್ಟ್ರು ಪಕ್ಕಕ್ಕೆ ಕರೆದರು.

"ಸಿದ್ದಯ್ಯ, ಕೈ ನಂಬಿದ್ದು ಸಾಕು. ಇನ್ಮೇಲೆ ತಲೆಯಿಂದ ಹೊಡಿ. ಉಸಿರು ಹಿಡಿ, ಮೂರು ಎಣಿಸು. ಎಣಿಸುವಾಗ ಲೋಕ ಮುಳುಗಿದರೂ ಕಿವಿಗೆ ಹಾಕ್ಕೋಬೇಡ."

ಎಣಿಸಿದೆ. ತಿಂಗಳಲ್ಲಿ ಹತ್ತಕ್ಕೆ ಒಂಬತ್ತು ಹಣ್ಣು ಉದುರಿದವು.

ನಿಂಬೆಹಣ್ಣು ಯಾರ ಗಂಡನೂ ಅಲ್ಲ. ಅದು ಆಗ ಹೊಳೆಯಲಿಲ್ಲ.

ಗುರಿ ಹಿಡಿದು, ಕಿವಿಗೆ ಏನೂ ಹಾಕಿಕೊಳ್ಳದೆ ತುಂಬಾ ಹೊತ್ತು ಕಾದೆ. ಕಬ್ಬು ಅಲ್ಲಾಡಿತು. ಮೂವತ್ತು ಹೆಜ್ಜೆ ದೂರ. ಕರಿಯದು. ಗಿಡ್ಡದು. ನೆಲಕ್ಕೆ ಮೂತಿ ಹಚ್ಚಿದ ಹಾಗಿತ್ತು.

ಒಂದು. ಎರಡು.

ಬೆರಳು ಕದಲಲಿಲ್ಲ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಬೇಡ ಅನ್ನುತ್ತಿತ್ತು.

ತಲೆ ಹೇಳಿತು... ಬಣ್ಣ ಸರಿ, ಎತ್ತರ ಸರಿ, ಇನ್ನೇನು ಬೇಕು?

ಮೂರು.

ಹೊಗೆ ತಿಳಿಯಾದ ಮೇಲೆ ಕಿವಿ ತೆರೆಯಿತು. ತಗಡಿನ ಸದ್ದು ಯಾವಾಗಲೋ ನಿಂತಿತ್ತು. ಹಂದಿ ಆಚೆ ಕಡೆಯಿಂದ ನಾಲೆ ದಾಟಿ ಹೋಗಿತ್ತು. ಕೂಗಿ ಹೇಳಿದ್ದರಂತೆ.

ತಲೆಗೆ ಕೇಳಿಸಲಿಲ್ಲ. ಬೆರಳಿಗೆ ಕೇಳಿಸಿತ್ತು.

ಕಬ್ಬಿನ ಕೊನೆಯ ಬುಡ ಕಡಿಯುವ ಮುಂಚೆ ಯಜಮಾನ ಕಂಬಳಿ ಹೊದ್ದು ಅದಕ್ಕೆ ಅಡ್ಡಬೀಳುವುದು ಅವರ ಮನೆತನದ ಪದ್ಧತಿ. ಹಂದಿ ಹೋಯಿತಲ್ಲ ಎಂದು ಚಲುವರಾಜು ಒಳಗೆ ಬಂದು ಅಡ್ಡಬಿದ್ದಿದ್ದ. ಕರಿ ಕಂಬಳಿ.

ಮತ್ತೆ ಏಳಲಿಲ್ಲ.

ಮಂಡ್ಯದಿಂದ ದಫೇದಾರ ಬಂದ.

"ಗುರಿ ಇಟ್ಟು ಹೊಡೆದ್ಯೋ, ಕೈ ಜಾರ್ತೋ? ನೋಡ್ಕೊಂಡು ಹೇಳು. ಗುರಿ ಅಂದ್ರೆ ಜೈಲು."

ನಾನು ಬಾಯಿ ತೆರೆಯುವ ಮೊದಲೇ ಪಟೇಲ ಲಿಂಗಯ್ಯ ಮುಂದೆ ಬಂದ.

"ಜಾರ್ತು ಅಂತ ಬರ್ಕಳಿ ಬುದ್ಧಿ. ಇವ್ನೂ ಜೈಲ್ಗೋದ್ರೆ ಆ ಎಣ್ಮಗಳ್ಗೆ ಇನ್ಯಾರವ್ರೆ?"

ಬರೆದುಕೊಂಡ. ನಾನು ಸುಮ್ಮನೆ ಹೆಬ್ಬೆಟ್ಟು ಒತ್ತಿದೆ.

ತಿಥಿ ಮುಗಿಸಿ ತಂಗಿಯನ್ನು ಪೂರಿಗಾಲಿಗೆ ಕರೆತಂದೆ. ಎರಡು ತಿಂಗಳು ಅವಳು ನಮ್ಮ ಜೊತೆಯಲ್ಲೇ ಇದ್ದಳು. ಒಂದು ಮಧ್ಯಾಹ್ನ ಮುದ್ದೆ ಮುರಿಯುತ್ತ ಕೇಳಿದಳು.

"ಅಣ್ಣಯ್ಯ, ಕೈ ಜಾರ್ತಾ?"

ನನ್ನ ಹೆಂಡತಿ ಸೋಮಮ್ಮ ಒಲೆಯ ಹತ್ತಿರದಿಂದಲೇ ಕಣ್ಣು ಮಾಡಿದಳು... ಹೂಂ ಅನ್ನು.

ಯೋಚಿಸಲು ಹೋಗಲಿಲ್ಲ. ಬಾಯಿ ತಾನೇ ಹೇಳಿತು.

"ಇಲ್ಲ ಕಣಮ್ಮ. ಕೈ ಒಲ್ಲೆ ಅಂತು. ನಾನೇ ಒಡ್ದೆ."

ಅವಳು ಬಾಯಲ್ಲಿದ್ದ ತುತ್ತು ನುಂಗಿದಳು. ಕೈ ತೊಳೆದಳು. ಸೀರೆ ಎರಡನ್ನು ಗಂಟು ಕಟ್ಟಿದಳು.

ಸೋಮಮ್ಮ ಬಾಗಿಲಿಗೆ ಅಡ್ಡ ನಿಂತಳು. "ಬುಡು ಯಸೋದ, ಗಂಟು ಕೆಳಗಿಕ್ಕು. ಸುಕ್ರವಾರ ಮನೆ ಎಣ್ಮಗಳ್ನ ಕಳಿಸ್ಬಾರ್ದು ಕಣವ್ವ."

"ನೀವೇನ್ ಕಳಿಸ್ಬ್ಯಾಡಿ ಅತ್ಗೆ. ನಾನೇ ಓಯ್ತೀನಿ."

ಅತ್ತಿಗೆಯನ್ನು ಮೆಲ್ಲಗೆ ಸರಿಸಿ ಹೊಳಲಿನ ದಾರಿ ಹಿಡಿದಳು. ತಿರುಗಿ ನೋಡಲಿಲ್ಲ. ಆಮೇಲೆ ಬರಲೂ ಇಲ್ಲ.

ಇದೇ ಮಾತು ದಫೇದಾರನಿಗೆ ಹೇಳಿದ್ದರೆ ಮನೆ ಬಿಟ್ಟು ಜೈಲಿಗೆ ಹೋಗುವವನು ನಾನಾಗಿರುತ್ತಿದ್ದೆ. ಹೋದವಳು ಯಶೋದಮ್ಮ. ಶುಕ್ರವಾರ.