ಗೋಡೆ ಹಿಡಿದ ನೀರು

ಸಂಶೋಧನೆಯ ಹುಡುಗಿ ಪ್ರಯೋಗಾಲಯದ ಸ್ಟೋರ್ ರೂಮಿಗೆ ಬಂದಾಗ ನಾನು ಮಧ್ಯಾಹ್ನದ ಊಟಕ್ಕೆಂದು ಬೀಗ ಹಾಕುವುದರಲ್ಲಿದ್ದೆ. ಇಪ್ಪತ್ತೆಂಟು ವರ್ಷ ಇದೇ ಬೀಗ ತೆಗೆದು ಹಾಕಿ ನನಗೆ ಸಾಕುಸಾಕಾಗಿತ್ತು. ಅವಳಿಗೆ ಬೇಕಾದದ್ದು ನಾನಲ್ಲ, ಹಿಂದಿನ ಕೋಣೆಯಲ್ಲೇ ವಾಸವಿದ್ದ ಗಾಜಿನ ಮೇಷ್ಟ್ರು. ಪ್ರಯೋಗಾಲಯದ ಕೊಳವೆಗಳನ್ನೆಲ್ಲ ಊದಿ ಮಾಡಿದವರು ಅವರೇ. ಇಲ್ಲಿ ಏನು ಕಳೆದರೂ ಕೆಟ್ಟರೂ ಪತ್ತೆ ಹಚ್ಚುವವರೂ ಅವರೇ. ಅವರ ಬಾಲವೆಂದೇ ನನಗೆ ಹೆಸರು.

"ತಾತ, ನನ್ನ ಕೊಳವೇಲಿ ನೀರು ನಲವತ್ತು ಸೆಕೆಂಡಿಗೆ ಇಳೀತಿತ್ತು. ಸೋಮವಾರ ಸಾಹೇಬ್ರು ಪರೀಕ್ಷೆಗೆ ತಗೊಂಡ್ರು, ಅವರ ಕೈಲಿ ಐವತ್ತಾಯ್ತು. ನಾನು ಸುಳ್ಳು ಬರೆದಿದೀನಂತೆ. ಸಂಜೆ ನನ್ನ ತೆಗೆದುಹಾಕ್ತಾರೆ," ಎಂದಳು ಹುಡುಗಿ ಮೇಷ್ಟ್ರಿಗೆ.

ಐದು ವರ್ಷದ ದುಡಿಮೆ ನೀರುಪಾಲಾಗುವುದರಲ್ಲಿತ್ತು. ಮೇಷ್ಟ್ರು ನಿಟ್ಟುಸಿರು ಬಿಟ್ಟು ಚಪ್ಪಲಿ ಮೆಟ್ಟಿದರು.

ವಿಭಾಗದ ಮುಖ್ಯಸ್ಥರಾದ ಸಾಹೇಬರ ಕೋಣೆಯಲ್ಲಿ ಸಿಂಕಿನ ಅಂಚಿಗೆ ಬಿಳಿ ಪುಡಿ ಒಣಗಿತ್ತು. ಮೇಷ್ಟ್ರು ಅದನ್ನು ಒದ್ದೆ ಬೆರಳಲ್ಲಿ ಉಜ್ಜಿದರು, ಸಾಬೂನಿನಂತೆ ಜಾರಿತು.

"ಗಾಜೆಲ್ಲ ಫಳಫಳ ಅಂತಿದೆ, ಸಾಹೇಬ್ರೇ."

"ತೊಳೀದೆ ಯಾವ ಗಾಜನ್ನೂ ಮುಟ್ಟೋನಲ್ಲ ನಾನು," ಎಂದು ಸಾಹೇಬರು ಬೀಗಿದರು.

ನಾಲ್ಕಕ್ಕೆ ಸಂಸ್ಥೆಯ ನಿರ್ದೇಶಕಿ ಮೇಡಂ ವಿಚಾರಣೆಗೆಂದು ಆ ಕೋಣೆಗೇ ಬಂದರು. ಎಲ್ಲರೆದುರು ಮೇಷ್ಟ್ರು ಅದೇ ಕೊಳವೆಯಲ್ಲಿ ನೀರು ಬಿಟ್ಟರು: ಐವತ್ತು. ನಾಲ್ಕು ಹನಿ ಆಸಿಡ್ ಬೆರೆಸಿದ ನೀರು ಬಿಟ್ಟರು: ನಲವತ್ತೊಂದು.

"ಇವಳು ಸುಳ್ಳು ಬರೆದಿದ್ರೆ ಹಳೇ ವೇಗ ವಾಪಸ್ ಬರ್ತಿತ್ತಾ?" ಮೇಷ್ಟ್ರ ದನಿಯಲ್ಲಿ ದಣಿವಿತ್ತು. "ಕೂದಲಿಗಿಂತ ಸಣ್ಣ ದಾರಿ ಇದು. ಒಳಗಿನ ಲೇಪಕ್ಕೆ ನೀರು ಅಂಟಲ್ಲ, ಗೋಡೆ ಪಕ್ಕದ ನೀರೂ ಜಾರ್ಕೊಂಡು ಹೋಗತ್ತೆ. ವಾಷಿಂಗ್ ಸೋಡಾದಲ್ಲಿ ತೊಳೆದ್ರೆ ಗೋಡೆಗೆ ವಿದ್ಯುತ್ತಿನ ಚಾರ್ಜ್ ಬರತ್ತೆ. ಆಮೇಲೆ ಗೋಡೆ ನೀರನ್ನ ಹಿಡ್ಕೊಳ್ಳತ್ತೆ, ಜಾರೋಕೆ ಬಿಡಲ್ಲ. ಆಸಿಡ್ ಆ ಚಾರ್ಜ್ ಇಳಿಸ್ತು, ಅಷ್ಟೇ."

"ಸೋಡಾ ಹಾಕಿದ್ದು ಯಾರು?" ಎಂದರು ಮೇಡಂ.

"ಸೋಮವಾರದಿಂದ ಕೊಳವೆ ಒಬ್ಬರ ಹತ್ರಾನೇ ಇದೆ. ಅವರ ಸಿಂಕಿನ ಅಂಚಲ್ಲಿ ಒಣಗಿರೋ ಬಿಳಿ ಪುಡಿ ಸೋಡಾನೇ. ತೊಳೀದೆ ಮುಟ್ಟಲ್ಲ ಅಂತ ಅವರೇ ಹೇಳಿದ್ರು. ಮೋಸ ಅಲ್ಲ ಮೇಡಂ, ಶುಚಿ ಜಾಸ್ತಿಯಾಯ್ತು."

ಸಾಹೇಬರ ಮುಖ ಸಪ್ಪಗಾಯಿತು. "ಆಗಿದ್ದು ಆಗ್ಹೋಯ್ತು. ನೀನು ಕೆಲಸ ಮುಂದುವರಿಸಮ್ಮ. ಈ ವಿಷಯ ಇಲ್ಲಿಗೇ ಬಿಡೋಣ."

ಹುಡುಗಿ ಅಳಲಿಲ್ಲ. "ಸುಳ್ಳುಬುರುಕಿ ಅಂತ ನೀವು ಕೂಗಿದ್ದು ಕಾರಿಡಾರಲ್ಲಿ, ಸರ್. ಎಲ್ಲರ ಮುಂದೆ."

ಮೇಡಂ ಹೋಗಿ ಬಾಗಿಲನ್ನು ಪೂರ್ತಿ ತೆರೆದರು. ಹೊರಗೆ ಇಡೀ ವಿಭಾಗವೇ ಕಾದು ನಿಂತಿತ್ತು. ಸಾಹೇಬರು ಕುರ್ಚಿ ಹಿಂದೆ ಸರಿಸಿ ಎದ್ದರು.