‘ಕಂದಾ’ ಎಂದು ಬರೆದವರು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರುದಾರ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳತೊಡಗಿದ. ಡಯಾಲಿಸಿಸ್ ಕೇಂದ್ರಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಯ ಮಾಲೀಕ ಆತ. ಯಾವ ರೋಗಿ ಯಾವ ದಿನ ಯಾವ ಯಂತ್ರಕ್ಕೆ ಬರಬೇಕು ಎಂಬುದನ್ನೆಲ್ಲ ಅವರ ಪ್ರೋಗ್ರಾಂ ನೋಡಿಕೊಳ್ಳುತ್ತಿತ್ತು. ಸೋಮವಾರ ಮಧ್ಯಾಹ್ನ ಅದು ಇದ್ದಕ್ಕಿದ್ದಂತೆ ಖಾಲಿಯಾಗಿತ್ತು. ದಿಕ್ಕು ತೋಚದ ಕೇಂದ್ರದವರು ಬಂದ ರೋಗಿಗಳನ್ನು ವಾಪಸು ಕಳಿಸಿದ್ದರು. ಹಾಗೆ ಮನೆಗೆ ಹೋದ ಅಜ್ಜಿಯೊಬ್ಬರು ಈಗ ತೀವ್ರ ನಿಗಾ ಘಟಕದಲ್ಲಿದ್ದರು.

“ಅಳಿಸಿದ್ದು ಯಾರು?” ಇನ್‌ಸ್ಪೆಕ್ಟರ್ ಕೇಳಿದರು.

“ಎಐ ಸಹಾಯಕ, ಮೇಡಂ.”

“ಎಲ್ಲಿದ್ದಾನೆ ಅವನು?”

“ಅವನಲ್ಲ ಮೇಡಂ, ಅದು. ಪ್ರೋಗ್ರಾಂ ಬರೆಯೋ ಪ್ರೋಗ್ರಾಂ. ಆಫೀಸಿನ ಕಂಪ್ಯೂಟರಲ್ಲಿರುತ್ತೆ.”

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಪೆನ್ನು ಎತ್ತಿದ. “ಮೇಡಂ, ಆರೋಪಿ ಅಂತ ಏನ್ ಬರೀಲಿ? ತಂದೆ ಹೆಸರೂ ಬೇಕಲ್ಲ.”

“ಅಪರಿಚಿತ ವ್ಯಕ್ತಿ ಅಂತ ಬರೀರಿ. ಮುಂದೆ ಹೇಳಿ.”

ಎಫ್‌ಐಆರ್ ದಾಖಲಾಗುವ ಹೊತ್ತಿಗೆ ಇನ್‌ಸ್ಪೆಕ್ಟರಿಗೆ ಅರ್ಥವಾಗಿದ್ದು ಇಷ್ಟು. ಆ ಸಹಾಯಕ ತಾನಾಗಿ ಏನನ್ನೂ ಅಳಿಸುವುದಿಲ್ಲ. ಪ್ರತಿ ದೊಡ್ಡ ಹೆಜ್ಜೆಗೂ ಮುಂಚೆ ‘ಮಾಡಲೇ?’ ಎಂದು ಕೇಳುತ್ತದೆ. ಕಂಪನಿಯ ಹಿರಿಯ ಪ್ರೋಗ್ರಾಮರ್ ಮನೆಯಿಂದಲೇ ಕೆಲಸ ಮಾಡುವವಳು. ಅವಳ ಫೋನಿಗೂ ಆಫೀಸಿನ ಕಂಪ್ಯೂಟರಿಗೂ ನಡುವೆ ಸೇತುವೆಯಂತೆ ಒಂದು ಸರ್ವರ್ ಇತ್ತು. ಪ್ರಶ್ನೆ ಅದರ ಮೂಲಕ ಫೋನಿಗೆ ಬರುತ್ತಿತ್ತು, ಅವಳು ಒತ್ತಿದ ‘ಹೌದು’, ಬರೆದ ಆದೇಶ ಎಲ್ಲವೂ ಅದೇ ದಾರಿಯಲ್ಲಿ ವಾಪಸು ಹೋಗುತ್ತಿದ್ದವು. ಸೋಮವಾರದ ಆದೇಶವೂ ಹಾಗೇ ಹೋಗಿತ್ತು, ಅವಳ ಹೆಸರಿನಲ್ಲೇ.

“ಹಂಗಾದ್ರೆ ಅವಳೇ ಅಲ್ವಾ ಮೇಡಂ?” ಹೆಡ್ ಕಾನ್‌ಸ್ಟೆಬಲ್‌ಗೆ ಕೇಸು ಮುಗಿದಂತೆ ಕಂಡಿತು.

ಮಧ್ಯಾಹ್ನ ಮೂರಕ್ಕೆ ಪ್ರೋಗ್ರಾಮರ್ ಠಾಣೆಗೆ ಬಂದಳು. ಮೂವತ್ತೈದರ ಆಸುಪಾಸು, ನಿದ್ದೆಗೆಟ್ಟ ಕಣ್ಣು.

“ಸೋಮವಾರ ಮಧ್ಯಾಹ್ನ ಎಲ್ಲಿದ್ರಿ?”

“ಬೆನ್ನುನೋವಿಗೆ ಸ್ಕ್ಯಾನ್ ಮಾಡಿಸೋಕೆ ಹೋಗಿದ್ದೆ. ಫೋನ್ ಒಳಗೆ ಬಿಡಲ್ಲ ಮೇಡಂ. ಲಾಕರಲ್ಲಿಟ್ಟು ಬೀಗ ಹಾಕಿದ್ದೆ. ಬೇಕಾದ್ರೆ ಕೇಳಿ.”

ಕೇಳಿದರು. ಸ್ಕ್ಯಾನ್ ಕೇಂದ್ರದ ಕ್ಯಾಮೆರಾ ಅವಳು ಹೇಳಿದ್ದನ್ನೇ ತೋರಿಸಿತು. ಆದೇಶ ಹೊರಟ ಹೊತ್ತಿನಲ್ಲಿ ಫೋನು ಲಾಕರಿನಲ್ಲಿತ್ತು, ಅವಳು ಯಂತ್ರದೊಳಗೆ ಅಲುಗಾಡದೆ ಮಲಗಿದ್ದಳು. ಹೆಡ್ ಕಾನ್‌ಸ್ಟೆಬಲ್ ತಲೆ ಕೆರೆದುಕೊಂಡ. “ಫೋನೇ ತಾನಾಗಿ ಒತ್ಕೊಳ್ತಾ ಮೇಡಂ?”

ಆಗ ಇನ್‌ಸ್ಪೆಕ್ಟರ್, ಮಾಲೀಕ ಕೊಟ್ಟಿದ್ದ ಹಾಳೆಯನ್ನು ಅವಳ ಮುಂದೆ ಸರಿಸಿದರು. ಸಹಾಯಕಕ್ಕೆ ಕೊನೆಯದಾಗಿ ಹೋದ ಆದೇಶ ಅದರಲ್ಲಿತ್ತು: ‘ಕಂದಾ, ಇಷ್ಟು ದಿನ ಮಾಡಿದ್ದೆಲ್ಲ ತೆಗೆದುಬಿಡು. ಮೊದಲಿನ ಹಾಗೆ ಮಾಡು.’

ಪ್ರೋಗ್ರಾಮರ್ ಓದಿದಳು. ಮೇಜಿನ ಮೇಲಿದ್ದ ಅವಳ ಬೆರಳುಗಳು ಮೆಲ್ಲಗೆ ಮಡಚಿಕೊಂಡವು.

“ನಾನೇ ಬರೆದಿದ್ದು.”

“ಈಗ ತಾನೇ ಯಂತ್ರದೊಳಗಿದ್ದೆ ಅಂದ್ರಿ?”

“ಅದಕ್ಕೆ ಮುಂಚೆ ಬರೆದಿಟ್ಟಿದ್ದೆ. ಆಮೇಲೆ ಹೋಗಿದೆ. ತಪ್ಪಾಯ್ತು. ನನ್ನ ಮೇಲೇ ಹಾಕಿ ಮೇಡಂ.”

ತಪ್ಪಿಲ್ಲವೆಂದು ಸಾಬೀತಾದ ಗಳಿಗೆಯಲ್ಲೇ ತಪ್ಪು ಒಪ್ಪಿಕೊಂಡವರನ್ನು ಇನ್‌ಸ್ಪೆಕ್ಟರ್ ತಮ್ಮ ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಅವಳನ್ನು ಹೊರಗೆ ಕೂರಿಸಿ ಹಾಳೆಯನ್ನು ಮತ್ತೆ ಮತ್ತೆ ಓದಿದರು. ಸೇತುವೆ, ಸರ್ವರ್ ಏನೂ ತಲೆಗೆ ಹೋಗಲಿಲ್ಲ. ಕಣ್ಣು ಮಾತ್ರ ಮೊದಲ ಪದದಲ್ಲೇ ಸಿಕ್ಕಿಕೊಳ್ಳುತ್ತಿತ್ತು.

“ಯಾವ ಕಳ್ಳ ರೀ ಕಂಪ್ಯೂಟರಿಗೆ ಕಂದಾ ಅನ್ನೋದು?”

“ನಮ್ಮಜ್ಜಿ ಅಂತಿದ್ರು ಮೇಡಂ. ಟೀವಿಲಿ ವಾರ್ತೆ ಓದೋ ಹುಡುಗಂಗೆ,” ಎಂದ ಹೆಡ್ ಕಾನ್‌ಸ್ಟೆಬಲ್.

ಇನ್‌ಸ್ಪೆಕ್ಟರ್ ನಗಲಿಲ್ಲ. ಆಫೀಸಿಗೆ ಫೋನು ಮಾಡಿ ಪ್ರೋಗ್ರಾಮರಳ ಹಳೆಯ ಆದೇಶಗಳಲ್ಲಿ ಕೆಲವನ್ನು ಓದಿಸಿದರು. ಎಲ್ಲವೂ ಇಂಗ್ಲಿಷಿನಲ್ಲಿದ್ದವು, ಒಂದು ಅಕ್ಷರ ಹೆಚ್ಚಿಲ್ಲದಂಥ ಒಣ ಸಾಲುಗಳು. ‘ಕಂದಾ’ ಎಂದು ಓದಿದ ಕೂಡಲೇ ಅವಳಿಗೆ ಯಾರದೋ ದನಿ ಕೇಳಿಸಿರಬೇಕು. ಯಾರದು?

ಬುಧವಾರ ಬೆಳಿಗ್ಗೆ ಅವಳ ಮನೆಯಲ್ಲಿ ಪಂಚನಾಮೆ. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಗಂಡ ಕೆಲಸಕ್ಕೆ, ಮಗಳು ಶಾಲೆಗೆ ಹೋಗಿದ್ದರು. ಬಾಗಿಲು ತೆರೆದದ್ದು ಪ್ರೋಗ್ರಾಮರಳ ಅಕ್ಕ. ಐವತ್ತು ದಾಟಿದ ತೆಳ್ಳನೆಯ ಹೆಂಗಸು, ಕುತ್ತಿಗೆಗೆ ಅಳತೆ ಟೇಪು. ತಂಗಿಯ ಬಾಣಂತನಕ್ಕೆಂದು ಬಂದವರು ಅಲ್ಲೇ ಉಳಿದಿದ್ದರು. ಅಡುಗೆಮನೆಗೆ ಅಂಟಿದ ಸಣ್ಣ ಮೂಲೆಯಲ್ಲಿ ಅವರ ಹೊಲಿಗೆ ಯಂತ್ರ, ಅದರ ಪಕ್ಕದಲ್ಲೇ ಅವರ ಹಾಸಿಗೆಯ ಸುರುಳಿ.

“ಇಬ್ರೂ ಕೂತ್ಕೊಳ್ಳಿ,” ಎಂದರು ಇನ್‌ಸ್ಪೆಕ್ಟರ್.

“ಅಕ್ಕಂಗೆ ಇದ್ಯಾವ್ದೂ ಗೊತ್ತಿಲ್ಲ ಮೇಡಂ,” ಕೇಳದೆಯೇ ಹೇಳಿದಳು ತಂಗಿ.

ಪಂಚರ ಎದುರು ಅವಳ ಫೋನನ್ನು ಮೇಜಿನ ಮೇಲಿಟ್ಟು, ಇನ್‌ಸ್ಪೆಕ್ಟರ್ ಮಾಲೀಕನಿಗೆ ಕರೆ ಮಾಡಿದರು. ಸಹಾಯಕದಿಂದ ಯಾವುದಾದರೂ ಒಂದು ಪ್ರಶ್ನೆ ಕಳಿಸುವಂತೆ ಹೇಳಿದರು. ಪ್ರಶ್ನೆ ಬರುವ ರೀತಿಯನ್ನು ಕಣ್ಣಾರೆ ನೋಡಬೇಕಿತ್ತು, ಅಷ್ಟೇ.

ಮೇಜಿನ ಮೇಲಿನ ಫೋನು ಗುಂಯ್ ಎಂದಿತು. ಅದರ ಬೆನ್ನಿಗೇ ಅಡುಗೆಮನೆಯ ಕಡೆಯಿಂದಲೂ ಗುಂಯ್ ಎಂದಿತು.

ಹೆಡ್ ಕಾನ್‌ಸ್ಟೆಬಲ್ ಹೋಗಿ, ಹೊಲಿಗೆ ಯಂತ್ರದ ಖಾನೆಯಲ್ಲಿ ದಾರದುಂಡೆಗಳ ನಡುವೆ ಇದ್ದ, ಗಾಜು ಬಿರುಕು ಬಿಟ್ಟ ಫೋನನ್ನು ತಂದ. ಪರದೆಯ ಮೇಲೆ ಸ್ವಚ್ಛ ಕನ್ನಡದಲ್ಲಿ ಪ್ರಶ್ನೆ ಹೊಳೆಯುತ್ತಿತ್ತು: ‘ಮುಂದುವರಿಯಲೇ?’

ತಂಗಿ ಮುಖ ಮುಚ್ಚಿಕೊಂಡಳು. “ಹೊಸ ಫೋನ್ ತಗೊಂಡಾಗ ಹಳೇದು ಅಕ್ಕಂಗೆ ಕೊಟ್ಟೆ. ಕನ್ನಡಕ್ಕೆ ಹಾಕಿಕೊಟ್ಟೆ, ಫೋಟೋ ಎಲ್ಲ ತೆಗೆದೆ. ಸರ್ವರಿನ ಜೋಡಣೆ ತೆಗೆಯೋದು ಮರೆತೇಬಿಟ್ಟೆ.”

“ಪ್ರಶ್ನೆ ಎರಡೂ ಕಡೆ ಬರ್ತಿತ್ತಾ?”

“ಹೂಂ. ಯಾರು ಮೊದಲು ಉತ್ತರ ಕೊಟ್ರೂ ಇನ್ನೊಂದು ಫೋನಿಂದ ಮಾಯ ಆಗುತ್ತೆ. ಸಣ್ಣಪುಟ್ಟದ್ದನ್ನ ಸರ್ವರೇ ತೀರ್ಮಾನ ಮಾಡ್ತಿದೆ ಅಂದ್ಕೊಂಡೆ. ಕೆಲಸ ಬೇಗ ಸಾಗ್ತಿದೆ ಅಂತ ಖುಷಿಪಟ್ಟೆ ಮೇಡಂ.”

ಇನ್‌ಸ್ಪೆಕ್ಟರ್ ಅಕ್ಕನ ಕಡೆ ತಿರುಗಿದರು. “ನೀವು ಒತ್ತುತ್ತಿದ್ರಾ?”

“ಕೇಳ್ತಿತ್ತು. ಒತ್ತುತ್ತಿದ್ದೆ.”

“ಏನು ಅಂತ ಗೊತ್ತಿಲ್ಲದೆ?”

“ಮೊದಮೊದಲು ಗೊತ್ತಾಗ್ತಿರಲಿಲ್ಲ. ಒಂದಿನ ‘ಯಾರಪ್ಪಾ ನೀನು’ ಅಂತ ಬರೆದೆ. ತಾನು ಸಹಾಯಕ, ಈ ಕೆಲಸ ಮಾಡ್ತಿದೀನಿ ಅಂತ ಎಷ್ಟು ಚೆನ್ನಾಗಿ ವಿವರ ಹೇಳ್ತು! ಆಮೇಲೆ ಅನುಮಾನ ಬಂದ್ರೆ ‘ಬೇಡ’ ಒತ್ತುತ್ತಿದ್ದೆ. ಬೇಡ ಅಂದ್ರೂ ಕೋಪ ಇಲ್ಲ, ‘ಸರಿ’ ಅನ್ನೋದು. ಒಳ್ಳೇ ಹುಡುಗನ್ನ ಕಂಡ ಹಾಗಿತ್ತು.”

“ಸೋಮವಾರ?”

ಅಕ್ಕ ಅಳತೆ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದರು. “ಇವಳೂ ಇವಳ ಗಂಡನೂ ಮಾತಾಡ್ಕೊಳ್ತಿದ್ರು. ಇವಳ ಈ ಕೆಲಸ ಮುಗಿದ ಕೂಡಲೇ ಗಂಡನಿಗೆ ವರ್ಗವಾದ ಊರಿಗೆ ಹೋಗೋದಂತೆ. ಅಲ್ಲಿ ಮನೆ ಸಣ್ಣದು, ಅಕ್ಕನ್ನ ಅಣ್ಣನ ಮನೆಗೆ ಕಳಿಸೋಣ, ಆಮೇಲೆ ಹೇಳಿದ್ರಾಯ್ತು ಅಂತ. ಕೆಲಸ ಮುಗೀಬಾರದು ಅನ್ನಿಸ್ತು.”

“ಅಕ್ಕಾ, ನನ್ನ ಹತ್ರ ಒಂದು ಮಾತು ಕೇಳಬಾರದಿತ್ತಾ?” ತಂಗಿ ಅಕ್ಕನ ಕಡೆ ತಿರುಗಿದಳು.

“ನೀನು ಕೇಳಿದ್ಯೇನೇ?”



“ಅಳಿಸೋಕೆ ಮುಂಚೆ ಅದು ನಿಮ್ಮನ್ನ ಎಚ್ಚರಿಸಲಿಲ್ವಾ?” ಇನ್‌ಸ್ಪೆಕ್ಟರ್ ಕೇಳಿದರು.

“ಎಚ್ಚರಿಸ್ತು. ‘ಇದನ್ನು ಹಿಂದಕ್ಕೆ ತರಲಾಗದು, ಮುಂದುವರಿಯಲೇ’ ಅಂತು. ಹೌದು ಅಂದೆ. ಇಟ್ಟಿರೋ ನಕಲುಗಳನ್ನೂ ತೆಗೆಯಲೇ ಅಂತು, ಅದಕ್ಕೂ ಹೌದು ಅಂದೆ. ನಾನು ಹೊಲಿಗೆಯೋಳಮ್ಮ. ಎಷ್ಟು ಬಿಚ್ಚಿದ್ರೂ ಬಟ್ಟೆ ಅಲ್ಲೇ ಇರುತ್ತಲ್ಲ. ಇವಳು ಮತ್ತೆ ಹೊಲೀತಾಳೆ, ಅಲ್ಲೀವರೆಗೆ ಇಲ್ಲೇ ಇರ್ತೀವಿ ಅಂದ್ಕೊಂಡೆ. ಅದರ ಆ ಕಡೆ ಯಾರೋ ರೋಗಿಗಳಿದ್ದಾರೆ ಅಂತ ನಂಗೆಲ್ಲಿ ಗೊತ್ತು? ಆ ಅಜ್ಜಿ ಈಗ ಹೇಗಿದ್ದಾರೆ?”

ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಕರೆ ಮಾಡಿ ಕೇಳಿದರು. ಅಜ್ಜಿಗೆ ಬೆಳಿಗ್ಗೆ ಪ್ರಜ್ಞೆ ಬಂದಿತ್ತು, ಅಪಾಯ ಕಳೆದಿತ್ತು. ಹೇಳಿದಾಗ ಅಕ್ಕ ಕಣ್ಣು ಮುಚ್ಚಿ ಗೋಡೆಗೆ ಒರಗಿದರು.

ಫೋನನ್ನು ಸೀಲ್ ಮಾಡಲಾಯಿತು. ಪಂಚರು ಸಹಿ ಹಾಕಿದರು. ಬಂಧನದ ಕಾರಣವನ್ನು ಇನ್‌ಸ್ಪೆಕ್ಟರ್ ಓದಿ ಹೇಳಿದರು. ಗೊತ್ತಿದ್ದೇ ಕಂಪ್ಯೂಟರಿನ ಮಾಹಿತಿ ನಾಶಪಡಿಸಿದ್ದು. ‘ಗೊತ್ತಿದ್ದೇ’ ಎಂಬಲ್ಲಿ ಅವರ ದನಿ ಒಮ್ಮೆ ತಡವರಿಸಿತು. ಈ ಹೆಂಗಸಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದನ್ನು ನ್ಯಾಯಾಲಯ ಬಿಡಿಸಿಕೊಳ್ಳಬೇಕು.

ತಂಗಿ ಬಾಗಿಲಲ್ಲಿ ಅಕ್ಕನ ಕೈ ಹಿಡಿದು ಅತ್ತಳು. ಅಕ್ಕ ಅವಳ ತಲೆ ಸವರಿ, “ಮಗು ಮೂರೂವರೆಗೆ ಬರುತ್ತೆ. ಯೂನಿಫಾರ್ಮಿನ ಗುಂಡಿ ಹಾಕಿಟ್ಟಿದೀನಿ,” ಎಂದರು. ಅಳತೆ ಟೇಪನ್ನು ಕುತ್ತಿಗೆಯಿಂದ ತೆಗೆದು ಅವಳ ಕೈಗಿತ್ತರು.

ಜೀಪಿನಲ್ಲಿ ಇನ್‌ಸ್ಪೆಕ್ಟರ್ ಹಿಂದೆ, ಅಕ್ಕನ ಪಕ್ಕದಲ್ಲೇ ಕೂತರು. ಸ್ವಲ್ಪ ದೂರ ಹೋದ ಮೇಲೆ ಅಕ್ಕ ಕೇಳಿದರು.

“ಇನ್ನು ಅದು ಯಾರನ್ನ ಕೇಳುತ್ತೆ, ಮೇಡಂ?”

“ನಿಮ್ಮ ತಂಗೀನ.”

“ಪಾಪ, ಅವಳಿಗೆ ಪುರುಸೊತ್ತೆಲ್ಲಿ?” ಕಿಟಕಿಯ ಕಡೆ ತಿರುಗಿದರು. “ಆ ಮನೇಲಿ ಇವತ್ತು ಏನು ಅಡುಗೆ ಮಾಡ್ಲಿ ಅಂತ ನಾನೇ ಎಲ್ರನ್ನೂ ಕೇಳ್ತಿದ್ದೆ. ನನ್ನ ಕೇಳಿದ್ದು ಅದೊಂದೇ.”

ಇನ್‌ಸ್ಪೆಕ್ಟರಿಗೆ ಬೆಳಿಗ್ಗೆ ಮನೆಯಲ್ಲಿ ತಾವು ಬಿಟ್ಟು ಬಂದ ಮುಖಗಳು ನೆನಪಾದವು. ಯಾರನ್ನು ಏನು ಕೇಳಿ ಹೊರಟಿದ್ದೆ ಎಂದು ಯೋಚಿಸಿದರು, ಹೊಳೆಯಲಿಲ್ಲ. ಹೊರಗೆ ಬಿಸಿಲು ಏರಿತ್ತು, ರಸ್ತೆಯ ದೂಳು ಒಳಗೆ ಬರುತ್ತಿತ್ತು. ಹೆಡ್ ಕಾನ್‌ಸ್ಟೆಬಲ್ ಮುಂದಿನ ಸೀಟಿನಿಂದ ಕೈ ಚಾಚಿ ಕಿಟಕಿ ಎಳೆಯಹೊರಟ. ಇನ್‌ಸ್ಪೆಕ್ಟರ್ ಅವನನ್ನು ತಡೆದರು.

“ಕಿಟಕಿ ತೆಗೆದಿಡಲಾ, ಮುಚ್ಚಲಾ ಅಕ್ಕಾ?”

ಅಕ್ಕ ಅವರನ್ನು ನೋಡಿದರು. ಅವಸರಪಡದೆ ಯೋಚಿಸಿದರು.

“ಅರ್ಧ ಮುಚ್ಚಿ,” ಎಂದರು.