ಕಡತದ ನಲವತ್ತೆಂಟನೇ ಹಾಳೆ

“ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ನಲವತ್ತೇಳು ಹಾಳೆ ಎಣಿಸ್ಲಿಕ್ಕೂ ಬರುದಿಲ್ವಾ ಮಾರಾಯ?” ಎಂದು ಸೂಪರ್‌ವೈಸರ್ ಮೋಹನದಾಸ್ ಹತ್ತು ಜನರ ಎದುರು ಕೇಳಿದ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಅದು 2014. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಗೋದಾಮಿನಲ್ಲಿ ನಾನು ಕಾಗದ ಸ್ಕ್ಯಾನ್ ಮಾಡುತ್ತಿದ್ದೆ. ಸೋವಿಯತ್ ಕಾಲದ ಒಂದು ಸೆರೆಶಿಬಿರದ ಕಡತಗಳನ್ನು ಆಗಷ್ಟೇ ಜನರಿಗೆ ತೆರೆದಿದ್ದರು. ಅಬುಧಾಬಿಯ ಸಂಶೋಧಕಿ ಲಾರಿಸಾ ಮೇಡಂ ಅವುಗಳ ಜೆರಾಕ್ಸ್ ತರಿಸಿದ್ದರು. ಹಾಳೆ ಎಷ್ಟೆಂದು ಆ ದೇಶದ ದಾಖಲೆ ಕಚೇರಿಯ ಗುಮಾಸ್ತ ಪ್ರತಿ ಕಡತದ ಮೇಲೂ ಬರೆದು ಸಹಿ ಹಾಕಿರುತ್ತಾನೆ. ಆ ಲೆಕ್ಕ ತಪ್ಪಿದರೆ ನನ್ನ ಕೆಲಸ ಖಲಾಸ್.

ಈ ಕಡತಕ್ಕೆ ನಲವತ್ತೇಳು ಎಂದಿತ್ತು. ನಾನು ಮೂರು ಸಲ ಎಣಿಸಿದರೂ ನಲವತ್ತೆಂಟು. ಮೋಹನದಾಸ್ ಎಣಿಸಿದರೆ ನಲವತ್ತೇಳೇ. ಕೊನೆಯ ಹಾಳೆ ನನ್ನ ಕೈಗೆ ಮಾತ್ರ ಸಿಗುತ್ತಿತ್ತು. ನಡುಮಧ್ಯಾಹ್ನದ ಸೆಕೆಯಲ್ಲೂ ಅದು ಐಸಿನಷ್ಟು ತಣ್ಣಗಿತ್ತು, ಒದ್ದೆ ಕಂಬಳಿಯ ವಾಸನೆ ಬರುತ್ತಿತ್ತು. ಉಳಿದದ್ದೆಲ್ಲ ಜೆರಾಕ್ಸ್, ಇದನ್ನು ಮುಟ್ಟಿದರೆ ಹೆಬ್ಬೆರಳಿಗೆ ಪೆನ್ಸಿಲಿನ ಕಪ್ಪು ಅಂಟಿತು. ಸ್ಕ್ಯಾನರಿನ ಗಾಜಿನ ಮೇಲೆ ಯಾರೋ ಉಸಿರು ಬಿಟ್ಟ ಹಾಗೆ ಮಂಜು ಕೂತಿತು. ಒರೆಸಿದೆ, ಮತ್ತೆ ಕೂತಿತು. ಹಠ ಹಿಡಿದು ಸ್ಕ್ಯಾನ್ ಮಾಡಿಯೇ ಬಿಟ್ಟೆ.

ಸಂಜೆ ಬಂದ ಲಾರಿಸಾ ಮೇಡಂ ಕಂಪ್ಯೂಟರಿನಲ್ಲಿ ಅದನ್ನು ಓದಿ ಅತ್ತರು, ಅಳುತ್ತಲೇ ನಕ್ಕರು. “ನಲವತ್ತೇಳನೇ ಹಾಳೆ ಪ್ರಕಾರ ನನ್ನ ಅಜ್ಜ 1938ರಲ್ಲಿ ಸತ್ತಿದ್ದಾರೆ. ಇದು ಅವರದೇ ಅಕ್ಷರ, ತಾರೀಕು 1946. ಆಗ ಅವರಿದ್ದ ಊರಿನ ಹೆಸರೂ ಇದೆ. ಇನ್ನು ಅಲ್ಲಿ ಹುಡುಕುತ್ತೇನೆ” ಎಂದರು.

ಮೋಹನದಾಸ್ ಕಟ್ಟು ಬಿಚ್ಚಿ ಮತ್ತೆ ಎಣಿಸಿದ. ನಲವತ್ತೇಳು.

“ಅದೆಲ್ಲಿಂದ ತಂದದ್ದು ನೀನು?” ಎಂದು ಮೆಲ್ಲಗೆ ಕೇಳಿದ.

ಹೆಬ್ಬೆರಳು ಇನ್ನೂ ಕಪ್ಪಾಗಿತ್ತು. ಅದನ್ನು ಅವನಿಗೆ ತೋರಿಸಿ ನಾನು ಹೊರಗೆ ನಡೆದೆ.